ಹೊಲಿಗೆಗೆ ಬಿಟ್ಟ ಜಾಗ

ಅಪ್ಪನಿಗೆ ನನ್ನ ಮೇಲೆ ಏನೋ ಮುನಿಸು ಎಂಬ ಸಣ್ಣ ಅನುಮಾನ, ಹಿತ್ತಿಲ ಮಣ್ಣು ಅಗೆಯುವುದಕ್ಕೂ ಮೊದಲೇ ನನ್ನೊಳಗೆ ಬಂದು ಕೂತಿತ್ತು. ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ ಅದು. ಅಮ್ಮನಿಗೆ ಹೇಳಿದರೆ “ನಿನಗೆ ಮಾಡೋಕೆ ಬೇರೆ ಕೆಲಸ ಇಲ್ಲ” ಎನ್ನುತ್ತಾಳೆ. ಡೈರಿಗೆ ಹೇಳಲು ಹೋದರೆ ಪೆನ್ನು ಅರ್ಧ ಸಾಲಿಗೇ ನಾಚಿಕೊಳ್ಳುತ್ತದೆ. ‘ಅಪ್ಪ ಈಚೆಗೆ ನನ್ನ ನಗುವಿಗೆ ನಗುವುದಿಲ್ಲ’ ಎಂದು ಬರೆದು, ಅದು ಯಾರೋ ಪ್ರೇಮಿಯ ದೂರಿನ ಹಾಗೆ ಕಂಡು, ನಾನೇ ಹೊಡೆದು ಹಾಕಿದ್ದೆ.

ಅಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ಗಾಜಿನ ಬಾಗಿಲು, ಒಳಗೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಎರಡು ಹೊಲಿಗೆ ಯಂತ್ರ, ಗೋಡೆಗೆ ಆನಿಸಿದ ಆಳೆತ್ತರದ ಕನ್ನಡಿ. ಆ ಮೇಜಿನ ಕೆಳಗಿನ ಚಿಂದಿ ರಾಶಿಯಲ್ಲಿ ಬೆಳೆದವಳು ನಾನು. ಗಿರಾಕಿ ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಅಪ್ಪ ಮಂಡಿಯೂರಿ ಅಂಚಿಗೆ ಗುಂಡುಸೂಜಿ ಚುಚ್ಚುತ್ತಿದ್ದ. ಬಾಯಿ ತುಂಬ ಸೂಜಿ ಇರುತ್ತಿದ್ದರಿಂದ ಮಾತಾಡುವ ಹಾಗಿರಲಿಲ್ಲ. ದೂರದಲ್ಲಿ ಕೂತ ನನ್ನತ್ತ ಹುಬ್ಬು ಹಾರಿಸುತ್ತಿದ್ದ. ನೆಟ್ಟಗಿದೆಯಾ? ನೆಟ್ಟಗಿದ್ದರೆ ನಾನು ತಲೆಯಾಡಿಸುತ್ತಿದ್ದೆ. ಇಲ್ಲದಿದ್ದರೆ ಯಾವ ಕಡೆ ಇಳಿದಿದೆಯೋ ಆ ಕಡೆಗೆ ಕತ್ತು ವಾಲಿಸುತ್ತಿದ್ದೆ. ಬೇರೆ ಮಕ್ಕಳು ಅಪ್ಪಂದಿರ ಜೊತೆ ಗಂಟೆಗಟ್ಟಲೆ ಹರಟುವುದನ್ನೆಲ್ಲ ನಾವು ಹುಬ್ಬಿನಲ್ಲಿ, ಕತ್ತಿನಲ್ಲಿ ಆಡಿ ಮುಗಿಸುತ್ತಿದ್ದೆವು. ಮಾತಿನ ವಿಷಯದಲ್ಲಿ ನಾನು ಮಹಾ ಜಿಪುಣಿ. ಕಾಲೇಜಿನಲ್ಲಿ ಹಾಜರಿ ಕರೆದಾಗ ಹೇಳಿದ “ಪ್ರೆಸೆಂಟ್ ಸರ್”ಗಳನ್ನು ಕೂಡಿಸಿದರೆ ನನ್ನ ಡಿಗ್ರಿಯ ಮುಕ್ಕಾಲು ಮಾತು ಅದರಲ್ಲೇ ಮುಗಿದುಹೋಗುತ್ತದೆ.

ಈಗ ಆ ಭಾಷೆಯೇ ಕೆಟ್ಟಿತ್ತು. “ಊಟ ಆಯ್ತೇನಮ್ಮ?” ಎಂದರೆ ತಲೆಯಾಡಿಸುತ್ತೇನೆ. ಅಪ್ಪ ಕಾಯುತ್ತಾನೆ. ಆಮೇಲೆ “ನಿನ್ನನ್ನೇ ಕೇಳಿದ್ದು” ಎನ್ನುತ್ತಾನೆ, ದನಿಯಲ್ಲಿ ಒಂದು ಚೂರು ಕಹಿ ಬೆರೆಸಿ. ಬಾಗಿಲಲ್ಲಿ ನಿಂತು ನಕ್ಕರೆ ನನ್ನನ್ನು ದಾಟಿ ಬೀದಿ ನೋಡುತ್ತಾನೆ. ಓದು ಮುಗಿಸಿ ಮನೆಯಲ್ಲೇ ಕೂತಿದ್ದೇನೆಂಬ ಬೇಸರವೇ? ಕೇಳುವುದಕ್ಕೆ ಬಾಯಿ ಬೇಕಲ್ಲ.

ಅದೇ ದಿನಗಳಲ್ಲಿ ಹಿತ್ತಿಲ ಹಳೆಯ ಶೆಡ್ಡನ್ನು ಕೆಡವಿಸಿದೆವು. ಸೂರು ಸೋರಿ ಸೋರಿ ಅದರೊಳಗೆ ಮುರಿದ ಯಂತ್ರಗಳು, ಕೈಯಿಲ್ಲದ ಬಟ್ಟೆಯಂಗಡಿಯ ಬೊಂಬೆ, ಅಣಬೆ ಎಲ್ಲ ಒಟ್ಟಿಗೆ ಸಂಸಾರ ಮಾಡಿಕೊಂಡಿದ್ದವು. ಕೆಡವಿದ ಮೇಲೆ ನಾಲ್ಕು ಗೋಡೆಗಳ ನಡುವೆ ಒಂದು ಚೌಕ ಆಕಾಶ, ಒಂದು ಚೌಕ ಮಣ್ಣು ಉಳಿಯಿತು. ಅಲ್ಲಿ ಏನು ಮಾಡುವುದೆಂದು ಮಾತು ಬಂದಾಗ ಅಮ್ಮ ಇಸ್ತ್ರಿ ಪೆಟ್ಟಿಗೆಯಿಂದ ತಲೆಯೆತ್ತದೆ ಹೇಳಿದಳು.

“ನನಗೆ ಹುಲ್ಲು ಬೇಕು.”

“ಹುಲ್ಲಾ? ಏನತ್ತಿಗೆ, ಹಸು ಗಿಸು ಸಾಕ್ತೀರಾ?” ಎಂದ ಕಾಜಾ ಮಾಮ.

“ಒಂದು ಈಗಾಗ್ಲೇ ಇದೆಯಲ್ಲಪ್ಪ. ಮಧ್ಯಾಹ್ನ ಸರಿಯಾಗಿ ಊಟದ ಹೊತ್ತಿಗೆ ಬರತ್ತೆ.”

ಕಾಜಾ ಮಾಮ ನಮಗೆ ರಕ್ತಸಂಬಂಧಿಯಲ್ಲ. ನಾನು ಹುಟ್ಟುವ ಮೊದಲಿನಿಂದ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುತ್ತಾ ಬಂದವನು. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿರಬೇಕು. ಆ ಕಿರುಗಣ್ಣಿನಷ್ಟು ತೂತಿನ ಸುತ್ತ ದಾರ ಸುತ್ತುವುದರಲ್ಲಿ ಎತ್ತಿದ ಕೈ, ನನ್ನನ್ನು ರೇಗಿಸುವುದರಲ್ಲೂ ಅಷ್ಟೇ. “ಏನಮ್ಮಾ ಮೌನಗೌರಿ, ಇವತ್ತು ಬೋಣಿ ಆಯ್ತಾ ಮಾತಿಂದು?” ಎನ್ನದೆ ಅವನ ಬೆಳಗು ಶುರುವಾಗುವುದಿಲ್ಲ.

“ಜೀವನವೆಲ್ಲ ಈ ಸಿಮೆಂಟಿನ ಮೇಲೆ ನಿಂತು ಇಸ್ತ್ರಿ ಹಾಕಿದೀನಿ,” ಎಂದಳು ಅಮ್ಮ. “ಬರಿಗಾಲಲ್ಲಿ ನಡೆಯೋಕೆ ಮೆತ್ತಗಿರೋ ಜಾಗ ಅಂಗೈಯಗಲ ಸಿಕ್ಕಿದ್ರೆ ಸಾಕು. ಬಂಗಾರ ಕೇಳ್ತಿಲ್ವಲ್ಲ.”

ಅಪ್ಪ ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ತೆಗೆದುಕೊಂಡು ಹಿತ್ತಿಲಿಗೆ ಹೋದ. ಮಣ್ಣಿಗೆ ಅಳತೆ ತೆಗೆಯಲು.

ಅಗೆದರೆ ಆ ಮಣ್ಣೂ ದರ್ಜಿಯದೇ. ಒಂದೊಂದು ಹಿಡಿಯಲ್ಲೂ ಗುಂಡಿ, ಹುಕ್ಕು, ತುಕ್ಕು ಹಿಡಿದ ಗುಂಡುಸೂಜಿ. ಎಷ್ಟೋ ವರ್ಷ ಅಂಗಡಿಯ ಕಸ ಗುಡಿಸಿ ಅಲ್ಲೇ ಸುರಿದಿದ್ದೆವು. ಅಮ್ಮನ ಬರಿಗಾಲನ್ನು ನೆನೆದು ನಾನು ಅಪ್ಪನ ಆಯಸ್ಕಾಂತ ತಂದೆ. ನೆಲಕ್ಕೆ ಬಿದ್ದ ಸೂಜಿ ಹೆಕ್ಕುವ ಕುದುರೆಲಾಳದಂಥ ಆಯಸ್ಕಾಂತ. ಅದಕ್ಕೆ ದಾರ ಕಟ್ಟಿ, ನಾಯಿಮರಿಯನ್ನು ಎಳೆದುಕೊಂಡು ಹೋದ ಹಾಗೆ ಮಣ್ಣಿನ ಮೇಲೆಲ್ಲ ಎಳೆದಾಡಿದೆ. ಸಂಜೆಯ ಹೊತ್ತಿಗೆ ಅದು ಮುಳ್ಳುಹಂದಿಯಾಗಿ ಬರುತ್ತಿತ್ತು. ಸೂಜಿ ಬಿಡಿಸಿ ಮತ್ತೆ ಎಳೆಯುತ್ತಿದ್ದೆ. ಆ ಕೆಲಸದಲ್ಲಿ ಒಂದು ಮಂಪರಿತ್ತು. ಆಯಸ್ಕಾಂತ ಸರಿದಂತೆ ಮಣ್ಣು ಒಳಗಿನಿಂದ ಸಣ್ಣಗೆ ಕದಲುತ್ತಿತ್ತು, ನಿದ್ದೆಯಲ್ಲಿರುವವರ ಕಣ್ಣರೆಪ್ಪೆಯ ಹಾಗೆ.

ಬಿತ್ತನೆಯ ದಿನ ಬೀಜವನ್ನು ಮರಳಿನ ಜೊತೆ ಬೆರೆಸಿ ಅಪ್ಪ ಮೊದಲು ಉದ್ದಕ್ಕೆ ಎರಚಿದ, ಆಮೇಲೆ ಅಡ್ಡಕ್ಕೆ. “ಹಾಸೂ ಬೇಕು, ಹೊಕ್ಕೂ ಬೇಕು. ಇಲ್ದಿದ್ರೆ ಅದು ಬಟ್ಟೆ ಆಗಲ್ಲ, ಜಾಳಿ ಆಗತ್ತೆ” ಎಂದ. ಬೀಜದಂಗಡಿಯವನು ಅಮ್ಮನಿಗೆ ಹೇಳಿ ಕಳಿಸಿದ್ದೂ ಅದನ್ನೇ, ಬೇರೆ ಮಾತಿನಲ್ಲಿ. ಆಮೇಲೆ ಹಲಗೆ ಹಾಸಿ, ಅದರ ಮೇಲೆ ನಾವೆಲ್ಲ ಸರದಿಯಂತೆ ನಿಂತು ಮಣ್ಣನ್ನು ಒತ್ತಿದೆವು. ಅಮ್ಮ ಅದನ್ನು ಇಸ್ತ್ರಿ ಎಂದೇ ಕರೆದಳು. ಆದರೆ ಗೋಡೆಯ ಪಕ್ಕಕ್ಕೆ ಸುತ್ತಲೂ ಗೇಣಗಲ ಜಾಗದಲ್ಲಿ ಅಪ್ಪ ಒಂದು ಕಾಳೂ ಉದುರಿಸಿರಲಿಲ್ಲ.

“ಇದ್ಯಾಕ್ರೀ ಬೋಳು?”

“ಹೊಲಿಗೆಗೆ ಜಾಗ ಬಿಡ್ಬೇಕು ಕಣೇ. ಯಾವ ಬಟ್ಟೆಗಾದ್ರೂ ಸರಿ, ಒಳಗೆ ಒಂದಿಷ್ಟು ಬಿಟ್ಟಿರ್ಬೇಕು. ನಾಳೆ ಮೈ ಬಂದ್ರೆ ಬಿಚ್ಚಿಕೊಳ್ಳೋಕೆ ಆಗತ್ತೆ.”

“ಹುಲ್ಲಿಗೆ ಮೈ ಬರತ್ತಾ?”

“ನಿನಗೆ ಬಂದಿಲ್ವಾ? ನಾನು ಮೊದಲೇ ಬಿಟ್ಟಿದ್ದೆ ಅಂತ ತಾನೇ ಆ ಬ್ಲೌಸು ಇನ್ನೂ ನಡೀತಿರೋದು?”

ಕಾಜಾ ಮಾಮ ಹಲಗೆಯ ಮೇಲೆ ಕುಣಿದು ಕುಣಿದು ನಕ್ಕ. ಅಮ್ಮ ಕೈಯಲ್ಲಿದ್ದ ನೀರಿನ ಕ್ಯಾನನ್ನು ಅವನತ್ತ ತಿರುಗಿಸಿದಳು. ಅಪ್ಪನೂ ನಗುತ್ತಿದ್ದ. ನಾನೂ ನಕ್ಕೆ, ಅಪ್ಪನ ಕಣ್ಣಿಗೆ ಬೀಳುವ ಹಾಗೆ ಮುಂದೆ ಬಂದು ನಕ್ಕೆ. ಅವನ ನಗು ನನ್ನ ಮುಖದ ಮೇಲಿಂದ ಹಾದು ಗೋಡೆಯ ಕಡೆಗೆ ಹೋಯಿತು.

ಗುಬ್ಬಿಗಳಿಗೆ ಸುದ್ದಿ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೀಜ ಉಳಿಸಿಕೊಳ್ಳಲು ಅಪ್ಪ ಅಂಗಡಿಯಲ್ಲಿ ಉಳಿದಿದ್ದ ಬಿಳಿ ಲೈನಿಂಗ್ ಬಟ್ಟೆಯ ತುಂಡುಗಳನ್ನೆಲ್ಲ ಕೂಡಿಸಿ ಹಿತ್ತಿಲಿನಷ್ಟಗಲದ ಹೊದಿಕೆ ಹೊಲಿದ. ಜೇಡರ ಬಲೆಯಂಥ ತೆಳು ಬಟ್ಟೆ, ನೀರು ಹಾಯುತ್ತದೆ, ಬೆಳಕೂ ಹಾಯುತ್ತದೆ. “ಬಿಳಿಗೆ ಬಿಳಿ ದಾರವೇ ಹಾಕಿದೀನಿ, ಹೊಲಿಗೆ ಎಲ್ಲಿದೆ ಅಂತ ದೇವರಿಗೂ ಗೊತ್ತಾಗಲ್ಲ” ಎಂದು ಹೆಮ್ಮೆಯಿಂದ ಬಿಡಿಸಿ ತೋರಿಸಿದ.

ದಾರ ಹಳದಿ. ನಿಂಬೆಹಣ್ಣಿನಂಥ ಹಳದಿ.

ಕಾಜಾ ಮಾಮ ಬಾಯಿ ತೆರೆದವನು ಅಮ್ಮನ ಮುಖ ನೋಡಿ ಮುಚ್ಚಿಕೊಂಡ. “ಹಾಲಿನ ಹಾಗಿದೆ ಮಾಸ್ಟ್ರೇ” ಎಂದ. ಅಮ್ಮ ಅದನ್ನು ಬೇಗಬೇಗ ಮಡಚಿ ಹೊರಗೊಯ್ದಳು. ಅವರವರಲ್ಲೇ ಏನೋ ತಮಾಷೆ ನಡೆದಿದೆ, ನನ್ನನ್ನು ಸೇರಿಸಿಕೊಂಡಿಲ್ಲ ಎಂದುಕೊಂಡೆ. ನನಗೆ ಅದು ಹೊಸದೇನಲ್ಲ.

ಹೊದಿಕೆ ಹಾಸಿದ ಮೇಲೆ ಹಿತ್ತಿಲು ಬೇರೆಯೇ ಊರಾಯಿತು. ಗಾಳಿ ಬಂದರೆ ಆ ಬಿಳುಪು ಉಬ್ಬುತ್ತಿತ್ತು, ಇಳಿಯುತ್ತಿತ್ತು, ಕೆಳಗೆ ಯಾರೋ ದೊಡ್ಡವರು ಮಲಗಿ ಉಸಿರಾಡುತ್ತಿದ್ದ ಹಾಗೆ. ಬೆಳಿಗ್ಗೆ ಸಂಜೆ ಅದರ ಮೇಲೆ ಸಣ್ಣ ಹನಿಯಾಗಿ ನೀರು ಚಿಮುಕಿಸುವ ಕೆಲಸ ನನ್ನದು. ಹನಿಗಳು ಬಟ್ಟೆಯ ಮೇಲೆ ಕ್ಷಣಕಾಲ ಕೂತು, ಯೋಚಿಸಿ, ಆಮೇಲೆ ಒಳಗಿಳಿಯುತ್ತಿದ್ದವು. ಮಧ್ಯಾಹ್ನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಡೈರಿ ಬರೆಯಲು ಹೊರಟರೆ ಅಲ್ಲೇ ಜೋಂಪು ಹತ್ತುತ್ತಿತ್ತು. ಹುಲ್ಲಿನ ಎಳೆಗಳು ಒಂದೊಂದೂ ಸೂಜಿಯಾಗಿ ಕೆಳಗಿನಿಂದ ಬಟ್ಟೆಗೆ ಹಸಿರು ದಾರ ಹೊಲಿಯುತ್ತಿದ್ದವು ಕನಸಿನಲ್ಲಿ. ಅಪ್ಪ ಅದರಾಚೆ ನಿಂತು ಹುಬ್ಬು ಹಾರಿಸುತ್ತಿದ್ದ. ನಾನು ತಲೆಯಾಡಿಸುತ್ತಲೇ ಇದ್ದೆ, ಕತ್ತು ನೋಯುವವರೆಗೆ.

ಒಂದು ಬೆಳಿಗ್ಗೆ ಹೊದಿಕೆಯ ಅಂಚು ಎತ್ತಿ ನೋಡಿದೆ. ಬರೀ ಮಣ್ಣು. ಆದರೂ ಏಕೋ ಹಲಗೆಯ ಮೇಲೆ ಮಲಗಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಬಿಸಿಲು ಬರುವ ದಿಕ್ಕಿಗೆ ಓರೆಯಾಗಿ ನೋಡಿದೆ. ಅಲ್ಲಿ ಹಸಿರಿತ್ತು. ಹುಲ್ಲೆನ್ನಲಾಗದ ಹಸಿರು, ಕನ್ನಡಿಯ ಮೇಲೆ ಬಿಟ್ಟ ಉಸಿರಿನಂಥದ್ದು. ತಲೆಯೆತ್ತಿದರೆ ಮಾಯ, ಬಗ್ಗಿದರೆ ಇದೆ. ಓಡಿಹೋಗಿ ಅಪ್ಪನ ತೋಳು ಹಿಡಿದು ಎಳೆದುಕೊಂಡು ಬಂದೆ. ಮಾತಾಡದೆ ಬೆರಳು ತೋರಿಸಿದೆ.

ಅಪ್ಪ ನಿಂತ. ಕಣ್ಣು ಕಿರಿದು ಮಾಡಿದ. ಆಮೇಲೆ ಅವನ ಮುಖ ಪೂರ್ತಿ ಅರಳಿತು.

“ಅಬ್ಬಾ, ಬಂದೇಬಿಡ್ತಲ್ಲ. ಎಷ್ಟು ಒತ್ತಾಗಿ ಬಂದಿದೆ ನೋಡು. ನಿಮ್ಮಮ್ಮನ್ನ ಕರಿ, ನೋಡ್ಲಿ.”

ಅವನು ನೋಡುತ್ತಿದ್ದದ್ದು ಗೋಡೆಯ ಬುಡವನ್ನು. ಹೊಲಿಗೆಗೆಂದು ತಾನೇ ಬಿಟ್ಟ ಬೋಳು ಜಾಗವನ್ನು.

ನನಗೆ ಮೊದಲು ಆದದ್ದು ಸಂತೋಷ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಅದೇ ನಿಜ. ಅಪ್ಪನಿಗೆ ನನ್ನ ಮೇಲೆ ಮುನಿಸಿಲ್ಲ. ನನ್ನ ನಗು ಅವನಿಗೆ ತಲುಪುತ್ತಿಲ್ಲ, ಅಷ್ಟೇ. ತಲೆಯಾಡಿಸಿದ್ದು ಕಾಣುತ್ತಿಲ್ಲ, ಅಷ್ಟೇ. ಆ ‘ಅಷ್ಟೇ’ ಎಷ್ಟು ದೊಡ್ಡದೆಂದು ಗೊತ್ತಾಗುವ ಹೊತ್ತಿಗೆ ಅಮ್ಮ ಬಂದಿದ್ದಳು. “ಹೌದು ಕಣ್ರೀ, ಚೆನ್ನಾಗಿ ಬಂದಿದೆ” ಎಂದು ಅವಳೂ ಆ ಬೋಳು ಮಣ್ಣನ್ನೇ ನೋಡಿ ಹೇಳಿದಳು.

ಆ ಮಧ್ಯಾಹ್ನ ಅಪ್ಪ ಒಳಕೋಣೆಯಲ್ಲಿ ನಿದ್ದೆಹೋದ ಮೇಲೆ ನಾನು ಅಂಗಡಿಗೆ ಬಂದೆ. ಅಮ್ಮ ಕಿಟಕಿಯ ಬಳಿ ಕೂತು ಸೂಜಿಗಳಿಗೆ ದಾರ ಪೋಣಿಸಿ ಪೋಣಿಸಿ ಮೆತ್ತೆಗೆ ಚುಚ್ಚುತ್ತಿದ್ದಳು. ಕಪ್ಪು ಮೊದಲು, ಆಮೇಲೆ ನೀಲಿ, ಆಮೇಲೆ ಕಂದು, ತಪ್ಪದ ಸಾಲು. ಕಾಜಾ ಮಾಮ ಹಲ್ಲಿನ ಡಾಕ್ಟರ ಕಪ್ಪು ಕೋಟಿನ ಕಾಲರನ್ನು ಬಿಚ್ಚುತ್ತಿದ್ದ. ಅಪ್ಪ ಬೆಳಿಗ್ಗೆಯಷ್ಟೇ ಹೊಲಿದು ಮುಗಿಸಿದ್ದ ಕಾಲರು. ಬಿಚ್ಚಿದ ದಾರ ಗಾಢ ನೀಲಿ. ನನ್ನನ್ನು ನೋಡಿ ಇಬ್ಬರ ಕೈಯೂ ನಿಂತಿತು.

“ನೋಡಿಬಿಟ್ಯಾ,” ಎಂದಳು ಅಮ್ಮ.

ತಲೆಯಾಡಿಸಿದೆ.

“ನೀನು ಏನೂ ಅನ್ನಕ್ಕೆ ಹೋಗ್ಬೇಡ. ಇವತ್ತಿಂದಲ್ಲ ಇದು. ಮಾಮ ಬಿಚ್ಚಿ ಸರಿಮಾಡ್ತಾನೆ, ಗಿರಾಕಿಗೆ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ.”

“ಹಲ್ಲಿನ ಡಾಕ್ಟ್ರು ಬಾಯಿ ಬಿಟ್ಟು ಬೇರೆ ಎಲ್ಲೂ ನೋಡಲ್ಲ ಬಿಡಿ,” ಎಂದ ಕಾಜಾ ಮಾಮ. ಅವನ ತಮಾಷೆಗೆ ಅವನೇ ನಗಲಿಲ್ಲ. ಕಾಲರನ್ನು ಮಡಿಲಿಗಿಟ್ಟುಕೊಂಡ. “ಅತ್ತಿಗೆ, ನಮ್ಮಣ್ಣನಿಗೂ ಹಿಂಗೇ ಆಗಿತ್ತು, ಹೇಳಿದ್ನಲ್ಲ. ನಾವೂ ಮುಚ್ಚಿ ಮುಚ್ಚಿ ಇಟ್ವಿ. ಕೊನೆಗೆ ಕರ್ಕೊಂಡು ಹೋದಾಗ ಕಣ್ಣಿನ ಡಾಕ್ಟ್ರು ಅಂದಿದ್ದು ಒಂದೇ ಮಾತು. ಬೇಗ ಬಂದಿದ್ರೆ ಉಳಿಸಬಹುದಿತ್ತು.”

“ಹೇಳಿದ ದಿನ ಅವರು ಕತ್ತರಿ ಕೆಳಗಿಡ್ತಾರೆ,” ಎಂದಳು ಅಮ್ಮ. “ಕತ್ತರಿ ಕೆಳಗಿಟ್ಟ ಮೇಲೆ ಅವರು ಏನಾಗ್ತಾರೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅಷ್ಟಿದ್ರೆ ನೀನೇ ಹೇಳಪ್ಪ.”

“ನನ್ನ ಕೈಲಾಗಲ್ಲ. ನನಗೆ ಕೆಲಸ ಕಲಿಸಿದ ಮನುಷ್ಯ.”

ಇಬ್ಬರೂ ನನ್ನತ್ತ ನೋಡಿದರು. ಆಮೇಲೆ ಇಬ್ಬರಿಗೂ ಒಟ್ಟಿಗೇ ನೆನಪಾದಂತೆ ನೋಟ ತೆಗೆದರು. ಇಡೀ ಮನೆಯಲ್ಲಿ ಮಾತಿನ ಲೆಕ್ಕಕ್ಕಿಲ್ಲದವಳು ನಾನು. ಅಮ್ಮ ಹಸಿರು ದಾರವನ್ನು ನಾಲಿಗೆಗೆ ತಾಗಿಸಿ ಮುಂದಿನ ಸೂಜಿ ಎತ್ತಿಕೊಂಡಳು.

ಆಮೇಲಿನ ದಿನಗಳಲ್ಲಿ ಹುಲ್ಲು ಬೆಳೆಯಿತು. ಹೊದಿಕೆ ತೆಗೆದೆವು. ಓರೆಯಾಗಿ ಮಾತ್ರ ಕಾಣುತ್ತಿದ್ದ ಹಸಿರು ನೆಟ್ಟಗೆ ನಿಂತೂ ಕಾಣತೊಡಗಿತು. ಯಾರೂ ಕಾಲಿಡುವಂತಿಲ್ಲ ಎಂದು ಬೀಜದಂಗಡಿಯವನು ಹೇಳಿದ್ದ. ಬೆರಳುದ್ದ ಆಗುವವರೆಗೆ ಕತ್ತರಿಸಬಾರದು. ಕತ್ತರಿಸಿದರೂ ಮೊದಲ ಸಲ ತುದಿ ಮಾತ್ರ, ಮೂರರಲ್ಲಿ ಒಂದು ಪಾಲು. ಅಮ್ಮ ಚಪ್ಪಲಿ ಬಿಟ್ಟು ಮೆಟ್ಟಿಲ ಕೊನೆಯಲ್ಲಿ ಕೂತು, ಕಾಲನ್ನು ಹುಲ್ಲಿನ ಮೇಲೆ ಗಾಳಿಯಲ್ಲಿ ಆಡಿಸುತ್ತಿದ್ದಳು, ಕೆರೆಯ ದಂಡೆಯಲ್ಲಿ ಕೂತ ಹುಡುಗಿಯಂತೆ. ಅಪ್ಪನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ಯಂತ್ರದ ಸೂಜಿ ಹೊಕ್ಕಿದ್ದು. “ವಯಸ್ಸಾಯ್ತು ಯಂತ್ರಕ್ಕೆ” ಎಂದ ಅವನು.

ಒಂದು ಸಂಜೆ ಹಿತ್ತಿಲಿಗೆ ಹೋದರೆ ಅಪ್ಪ ಹಲಗೆಯ ಮೇಲೆ ಮಂಡಿಯೂರಿ ಕೂತಿದ್ದ, ಗಿರಾಕಿಯ ಕಾಲ ಬಳಿ ಕೂರುವ ಹಾಗೆಯೇ. ಕಣ್ಣು ಮುಚ್ಚಿಕೊಂಡು ಅಂಗೈಯಿಂದ ಹುಲ್ಲಿನ ತುದಿ ಸವರುತ್ತಿದ್ದ. ನನ್ನ ಹೆಜ್ಜೆ ಕೇಳಿ, “ಬಾ ಇಲ್ಲಿ” ಎಂದು ಕೈ ಚಾಚಿದ. ನನ್ನ ಕೈಯನ್ನು ತನ್ನ ಕೈಯ ಕೆಳಗಿಟ್ಟುಕೊಂಡು ಸವರಿಸಿದ.

“ನೋಡು, ಈ ಕಡೆಗೆ ಹೋದ್ರೆ ನುಣುಪು. ವಾಪಸ್ ಬಂದ್ರೆ ತಡೆಯತ್ತೆ. ಥೇಟ್ ಮಖಮಲ್ಲು. ಮಖಮಲ್ಲು ಕತ್ತರಿಸೋದು ಯಾಕೆ ಸುಲಭ ಗೊತ್ತಾ? ಅದು ಕೈಗೇ ಹೇಳಿಬಿಡತ್ತೆ, ಯಾವ ಕಡೆ ಮುಖ ಇದೆ ಅಂತ.”

ಹುಲ್ಲು ತಣ್ಣಗಿತ್ತು, ಅವನ ಅಂಗೈ ಬೆಚ್ಚಗಿತ್ತು, ನಡುವೆ ನನ್ನ ಕೈ. ಆಕಾಶದ ಚೌಕ ನಿಧಾನಕ್ಕೆ ನೇರಳೆಯಾಗುತ್ತಿತ್ತು. ಈಗಲೇ ಹೇಳಬೇಕು ಎನಿಸಿತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಬಾಯಿ ತುಂಬ ಗುಂಡುಸೂಜಿ ಇಟ್ಟುಕೊಂಡವಳಂತೆ, ತೆರೆದರೆ ಎಲ್ಲಿ ಯಾರಿಗೆ ಚುಚ್ಚುತ್ತದೋ ಎಂದು ತುಟಿ ಬಿಗಿಹಿಡಿದೆ. ಆ ನೇರಳೆ ಅವನಿಗೆ ಕಾಣುತ್ತಿದೆಯೇ ಎಂದೂ ಕೇಳಲಿಲ್ಲ. ಮುಂದಿನ ಸಲ ಕತ್ತಲಾಗುವಾಗ ಅಪ್ಪನ ಪಾಲಿಗೆ ಅದು ಇಷ್ಟು ನಿಧಾನಕ್ಕೆ ಆಗದೇ ಹೋಗಬಹುದು ಎಂದು ಹೊಳೆಯಿತು.

ಹುಲ್ಲು ಬೆರಳುದ್ದವಾಯಿತು. ಕಾಜಾ ಮಾಮ ಪರಿಚಯದ ಶಾಲೆಯ ತೋಟದಿಂದ ಕೈಯಲ್ಲಿ ತಳ್ಳುವ ಹುಲ್ಲು ಕತ್ತರಿಸುವ ಯಂತ್ರವನ್ನು ಕಡ ತಂದ. ಬೀದಿಯುದ್ದಕ್ಕೂ ಅದನ್ನು ಕಟಕಟ ಎನ್ನಿಸುತ್ತಾ ತಳ್ಳಿಕೊಂಡು ಬಂದವನನ್ನು ನೋಡಲು ಎದುರು ಮನೆಯವರೆಲ್ಲ ಕಿಟಕಿಗೆ ಬಂದಿದ್ದರಂತೆ. “ಮಗೂನ ತಳ್ಳುಗಾಡೀಲಿ ಕರ್ಕೊಂಡು ಬಂದ ಹಾಗೆ ಬಂದೆ ಅತ್ತಿಗೆ. ಅಳೋದೊಂದು ನಿಲ್ಲಿಸಲಿಲ್ಲ, ಎಣ್ಣೆ ಕಾಣದೆ ಎಷ್ಟು ಕಾಲ ಆಯ್ತೋ.”

ಅಪ್ಪ ಅದರ ಸುರುಳಿ ಬ್ಲೇಡುಗಳ ಮೇಲೆ ಬೆರಳಾಡಿಸಿ ಮುಖ ಸಿಂಡರಿಸಿದ. “ಮೊಂಡು. ಇದ್ರಲ್ಲಿ ಕತ್ತರಿಸಿದ್ರೆ ಕತ್ತರಿಸಲ್ಲ, ಅಗಿಯತ್ತೆ. ಬಟ್ಟೆ ಅಂಚು ಹೇಗೆ ಜೂಲು ಜೂಲಾಗತ್ತೋ ಹಾಗೆ ತುದಿ ಕೆಂಪಾಗಿ ಒಣಗತ್ತೆ.” ಕತ್ತರಿಗೆ ಸಾಣೆ ಹಿಡಿಯುವ ಕಲ್ಲನ್ನೇ ತಂದು ಮಸೆದ, ಎಣ್ಣೆ ಹಾಕಿದ, ಬ್ಲೇಡಿನ ಎತ್ತರ ಏರಿಸಿದ. ಕಿವಿಯಿಟ್ಟು ತಿರುಗಿಸಿ ಆಲಿಸಿದ. ಒಂದು ಹಾಳೆ ಒಡ್ಡಿದರೆ ಸದ್ದಿಲ್ಲದೆ ಎರಡಾಯಿತು. ರಾತ್ರಿಯ ಇಬ್ಬನಿ ಆರಲಿ ಎಂದು ಬಿಸಿಲು ಗೋಡೆ ದಾಟಿ ಬರುವವರೆಗೂ ಕಾಯಿಸಿದ. ಒದ್ದೆ ಬಟ್ಟೆಗೆ ಕತ್ತರಿ ಹಾಕುವವನು ದರ್ಜಿಯೇ ಅಲ್ಲ ಎಂಬುದು ಅವನ ಮಾತು.

ಕಾಜಾ ಮಾಮ ಅಷ್ಟರಲ್ಲಿ ಎರಡು ಗೂಟ ಹುಗಿದು ಈ ತುದಿಯಿಂದ ಆ ತುದಿಗೆ ದಪ್ಪ ಬಿಳಿ ದಾರವೊಂದನ್ನು ಬಿಗಿದಿದ್ದ. “ಇದರ ಪಕ್ಕಕ್ಕೇ ತಳ್ಳಿಕೊಂಡು ಹೋಗಿ ಮಾಸ್ಟ್ರೇ.”

ಅಪ್ಪನ ಕಾಲು ಅದಕ್ಕೆ ತೊಡರಿತು. ಬಗ್ಗಿ, ಮುಟ್ಟಿ, ಏನೆಂದು ತಿಳಿದುಕೊಂಡ. ಮುಖ ಬಿಗಿಯಾಯಿತು.

“ತೆಗಿ ಇದನ್ನ.”

“ಇರ್ಲಿ ಬಿಡಿ, ಒಂದು ಗುರುತಿಗೆ...”

“ನಾನು ಸೀಮೆಸುಣ್ಣದ ಗೆರೆಯೇ ಇಲ್ದೆ ಕೋಟು ಕತ್ತರಿಸಿದವನು ಕಣೋ. ಕಣ್ಣಳತೆ ಸಾಕು.”

ಮಾಮ ದಾರ ಸುತ್ತಿಕೊಂಡ. ಅಮ್ಮ ಮೆಟ್ಟಿಲ ಮೇಲೆ, ಚಪ್ಪಲಿ ಬಿಟ್ಟು ಸಿದ್ಧವಾಗಿ ಕೂತಿದ್ದಳು. ಕತ್ತರಿಸಿದ ಹುಲ್ಲಿನ ಮೇಲೆ ಮೊದಲ ಹೆಜ್ಜೆ ಅವಳದು ಎಂದು ಮಾತಾಗಿತ್ತು. ನಾನು ಬಟ್ಟೆ ಒಣಹಾಕುವ ತಂತಿಯ ಬಳಿ ನಿಂತಿದ್ದೆ. ಪಕ್ಕದಲ್ಲಿ ಅಪ್ಪನದೇ ಒಂದು ಅಂಗಿ ತೂಗುತ್ತಿತ್ತು.

ಅಪ್ಪ ತಳ್ಳಿದ. ಮಸೆದ ಬ್ಲೇಡುಗಳು ಪಿಸುಗುಟ್ಟಿದವು. ಹುಲ್ಲಿನ ತುದಿಗಳು ಹಸಿರು ಪುಡಿಯಾಗಿ ಹಾರಿ ಬಿಸಿಲಲ್ಲಿ ಒಂದು ಕ್ಷಣ ತೇಲಿ ಅವನ ಪ್ಯಾಂಟಿನ ಅಂಚಿಗೆ ಕೂತವು. ಎಳೆಹುಲ್ಲಿನ ಆ ವಾಸನೆ ಇಡೀ ಹಿತ್ತಿಲನ್ನು ತುಂಬಿತು. ಯಾರೋ ಯಾವ ಕಾಲದಲ್ಲೋ ಹೇಳಿ ಮರೆತ ಒಳ್ಳೆಯ ಸುದ್ದಿಯ ಹಾಗೆ. ಅವನ ಹಿಂದೆ ಒಂದು ತಿಳಿಹಸಿರು ದಾರಿ ಬಿಚ್ಚಿಕೊಳ್ಳುತ್ತಾ ಹೋಯಿತು, ಮಖಮಲ್ಲನ್ನು ಒಂದೇ ಕಡೆಗೆ ಸವರಿದಂತೆ ಹೊಳೆಯುತ್ತ. ನಾನು ಮೈಮರೆತು ನೋಡಿದೆ. ದಾರಿ ಮೊದಲು ನೆಟ್ಟಗಿತ್ತು. ಆಮೇಲೆ, ನಿದ್ದೆಯಲ್ಲಿ ನಡೆಯುವವರು ವಾಲುವಂತೆ ಮೆಲ್ಲಗೆ ಎಡಕ್ಕೆ ವಾಲಿತು. ಇನ್ನೂ ವಾಲಿತು. ಚಕ್ರ ಹುಲ್ಲು ದಾಟಿ ಗೋಡೆಯ ಬುಡದ ಬೋಳು ಮಣ್ಣಿಗಿಳಿಯಿತು. ಬ್ಲೇಡಿಗೆ ಸಿಗಲು ಏನೂ ಇಲ್ಲದೆ ಪಿಸುಮಾತು ನಿಂತು ಬರೀ ಕಟಕಟ ಕೇಳಿಸಿತು. ಅಪ್ಪ ಆ ಸದ್ದಿಗೆ ನಿಂತ. ಹೊಲಿಗೆಗೆಂದು ಅವನು ಜಾಗ ಬಿಡದೇ ಹೋಗಿದ್ದರೆ ಯಂತ್ರ ಗೋಡೆಗೇ ಬಡಿಯುತ್ತಿತ್ತು.

ಹಿಂತಿರುಗಿ ಕೇಳಿದ. “ನೆಟ್ಟಗಿದೆಯಾ?”

“ದಾರ ಹಿಡಿದ ಹಾಗಿದೆ ಕಣ್ರೀ,” ಎಂದಳು ಅಮ್ಮ. ಅವಳ ದನಿ ಒಂದಿಷ್ಟೂ ನಡುಗಲಿಲ್ಲ.

“ಮಾಸ್ಟ್ರ ಕಣ್ಣಳತೆ ಅಂದ್ರೆ ಸುಮ್ನೆನಾ,” ಎಂದ ಕಾಜಾ ಮಾಮ, ಸುತ್ತಿಕೊಂಡ ದಾರವನ್ನು ನೋಡುತ್ತ.

ಅಪ್ಪನಿಗೆ ಸಮಾಧಾನವಾಗಲಿಲ್ಲ. ಹಿಡಿಯ ಮೇಲೆ ಅವನ ಎರಡೂ ಕೈ ಬಿಗಿದಿದ್ದವು. ಬಟ್ಟೆ ಸುತ್ತಿದ ಹೆಬ್ಬೆರಳು ಬೇರೆ ಯಾರದೋ ಎಂಬಂತೆ ಎದ್ದು ನಿಂತಿತ್ತು.

“ನೀವಿಬ್ರೂ ಸುಮ್ನಿರಿ. ನನ್ನ ಮಗಳು ಹೇಳ್ಲಿ.”

ಹುಬ್ಬು ಹಾರಿಸಿದ. ಎಷ್ಟೋ ಕಾಲದ ಮೇಲೆ ನನಗೇ ಎಂದು ಹಾರಿಸಿದ ಹುಬ್ಬು. ಅವನ ನೋಟ ಬಂದು ನಿಂತದ್ದು ನನ್ನ ಪಕ್ಕದಲ್ಲಿ ತೂಗುತ್ತಿದ್ದ ಅಂಗಿಯ ಮೇಲೆ.

ಹಳೆಯ ರೂಢಿ ಬಿಡುವುದೇ? ನನ್ನ ಕತ್ತು ತಾನಾಗಿಯೇ ಎಡಕ್ಕೆ ವಾಲಿತು. ಅಷ್ಟು ಚೆನ್ನಾಗಿ, ಅಷ್ಟು ನಿಜವಾಗಿ ಹೇಳಿದ್ದೆ ನಾನು. ಅಪ್ಪ ಅಂಗಿಯ ಉತ್ತರಕ್ಕೆ ಕಾಯುತ್ತಲೇ ಇದ್ದ. ಹುಬ್ಬು ಇನ್ನೂ ಮೇಲೆಯೇ ಇತ್ತು. ಗಾಳಿಗೆ ಅಂಗಿಯ ತೋಳು ಸ್ವಲ್ಪ ಆಡಿತು. ಅದನ್ನು ನನ್ನ ತಲೆ ಎಂದುಕೊಂಡನೋ ಏನೋ, ಅವನ ತುಟಿ ನಗುವುದೋ ಬೇಡವೋ ಎಂದು ಅರ್ಧಕ್ಕೆ ನಿಂತಿತು. ಆಗ ಕ್ಷಣಮಾತ್ರ ಅವನ ಮುಖದಲ್ಲಿ ನಾನು ಎಂದೂ ನೋಡದ್ದನ್ನು ನೋಡಿದೆ. ಅಪ್ಪನಿಗೆ ಭಯವಾಗಿತ್ತು. ಒಬ್ಬನೇ ಎಷ್ಟು ದಿನದಿಂದ ಇಟ್ಟುಕೊಂಡಿದ್ದನೋ, ನಮಗ್ಯಾರಿಗೂ ಗೊತ್ತಾಗಬಾರದೆಂದು.

ಚಪ್ಪಲಿ ಬಿಟ್ಟೆ. ಅಮ್ಮನಿಗೆಂದು ಕಾದಿಟ್ಟ ಹುಲ್ಲಿನ ಮೇಲೆ ನಾನೇ ಮೊದಲು ಕಾಲಿಟ್ಟೆ. ಅದು ಮೆತ್ತಗೆ, ತಣ್ಣಗೆ ಅಂಗಾಲನ್ನು ಹಿಡಿದುಕೊಂಡಿತು. ಒಂದು ಸೂಜಿಯೂ ಚುಚ್ಚಲಿಲ್ಲ. ಅಪ್ಪನ ಹತ್ತಿರ, ತೀರಾ ಹತ್ತಿರ ಹೋಗಿ, ಹಿಡಿಯ ಮೇಲಿದ್ದ ಅವನ ಕೈಗಳ ಮೇಲೆ ನನ್ನ ಕೈ ಇಟ್ಟೆ. ಅವನ ಕಣ್ಣುಗಳು ಅಂಗಿಯನ್ನು ಬಿಟ್ಟು ನಿಧಾನಕ್ಕೆ ನನ್ನತ್ತ ತಿರುಗಿದವು, ಹುಡುಕಿದವು.

“ಸೊಟ್ಟ ಹೋಗಿದೆ ಅಪ್ಪ,” ಎಂದೆ. “ನಿನಗೆ ಕಣ್ಣು ಕಾಣ್ತಿಲ್ಲ.”